ಮಾಲೆ ಕತ್ತರಿಸಿದರೆ ಲೆಕ್ಕ ಆಗುತ್ತದಾ?

ಪ್ರಶ್ನೆ: ಡಿಎನ್‌ಎ ಕತ್ತರಿಸಿ ಜೋಡಿಸುವುದರಲ್ಲೂ ಗಣಿತ ಇದೆ, ಅದಕ್ಕೆ ‘ಸ್ಪ್ಲೈಸಿಂಗ್ ಸಿಸ್ಟಮ್’ ಅಂತಾರೆ ಎಂದು ಮಗಳು ಹೇಳುತ್ತಾಳೆ. ಅವಳದು ಎಂ.ಎಸ್ಸಿ., ನನ್ನದು ಬಿ.ಕಾಂ. ಕತ್ತರಿ ಹಾಕಿದರೆ ಲೆಕ್ಕ ಹೇಗೆ ಆಗುತ್ತದೆ ಸರ್?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಮೊನ್ನೆ ಮಾಟುಂಗಾ ಸ್ಟೇಷನ್ ಹೊರಗೆ ಎರಡು ಮೊಳ ಹೂ ಕೇಳಿದೆ. ಹೂ ಮಾರುವ ಮಾವಶಿ ಹತ್ತಿರ ಉಳಿದಿದ್ದು ತುಂಡುಗಳು. ಒಂದಕ್ಕೊಂದು ಕಟ್ಟಿ ಕೊಟ್ಟರು. ಗಂಟು ಎಲ್ಲಿದೆ ಅಂತ ಮನೆಗೆ ಬಂದು ಹುಡುಕಿದರೂ ಸಿಗಲಿಲ್ಲ. ನಿಮ್ಮ ಪತ್ರಕ್ಕೆ ಆ ಮಾಲೆಯೇ ಸಾಕು.

ಡಿಎನ್‌ಎ ಮಾಲೆಯಲ್ಲಿ ಹೂವು ನಾಲ್ಕೇ ಬಗೆ: ಎ, ಟಿ, ಜಿ, ಸಿ. ಕತ್ತರಿ ಅಂದರೆ ಕಿಣ್ವ (ಎಂಜೈಮ್). ಇಕೋ-ಆರ್-ಒನ್ ಎಂಬ ಕಿಣ್ವ ಜಿಎಎಟಿಟಿಸಿ ಕಂಡಲ್ಲಿ ಮಾತ್ರ, ಜಿ ಆದಮೇಲೆ ಕತ್ತರಿಸುತ್ತದೆ. ಈ ಮಾಲೆ ಜೋಡಿ ಎಳೆಯದು; ಎದುರಿನ ಎಳೆಯಲ್ಲೂ, ಆಚೆ ಕಡೆಯಿಂದ ಓದಿದರೆ, ಹಾಗೇ. ಅದಕ್ಕೇ ತುದಿಯಲ್ಲಿ ನಾಲ್ಕಕ್ಷರ ಒಂಟಿಯಾಗಿ ಚಾಚಿಕೊಂಡಿರುತ್ತದೆ. ಹೊಂದುವ ತುದಿ ಸಿಕ್ಕರೆ ಅಂಟುತ್ತದೆ. ಗಂಟು ಹಾಕಲು ಲೈಗೇಸ್ ಎಂಬ ಇನ್ನೊಂದು ಕಿಣ್ವ.

1987ರಲ್ಲಿ ಟಾಮ್ ಹೆಡ್ ಎಂಬ ಗಣಿತಜ್ಞರು ಇದನ್ನು ಅಕ್ಷರಗಳ ಆಟ ಮಾಡಿದರು. ಶುರುವಿಗೆ ಕೆಲವು ಪದ (ಅಕ್ಷರಗಳ ಸಾಲು, ಅಂದರೆ ನಮ್ಮ ಮಾಲೆ), ಕತ್ತರಿಸಿ ಜೋಡಿಸಲು ಕೆಲವು ನಿಯಮ. ಇಷ್ಟರಿಂದ ಯಾವ ಯಾವ ಪದ ಹುಟ್ಟುತ್ತವೆ? ಇಲ್ಲಿ ಲೆಕ್ಕ ಅಂದರೆ ಅದೇ, ಕೂಡು-ಕಳೆ ಅಲ್ಲ.

ಒಂದೇ ತರದ ಎರಡು ಮಲ್ಲಿಗೆ ಮಾಲೆ ತಗೊಳ್ಳಿ. ಪ್ರತಿಯೊಂದರಲ್ಲೂ ಎರಡು ಕಡೆ ಮರುಗ, ಮರುಗಗಳ ನಡುವೆ ಕನಕಾಂಬರ. ಕತ್ತರಿ ಬೀಳುವುದು ಮರುಗ ಇದ್ದಲ್ಲಿ ಮಾತ್ರ. ಒಂದನ್ನು ಎರಡನೇ ಮರುಗದಲ್ಲಿ ಕತ್ತರಿಸಿ ಎಡತುಂಡು ಇಟ್ಟುಕೊಳ್ಳಿ. ಇನ್ನೊಂದನ್ನು ಮೊದಲ ಮರುಗದಲ್ಲೇ ಕತ್ತರಿಸಿ ಬಲತುಂಡು ತಗೊಳ್ಳಿ. ಕಟ್ಟಿ. ಕನಕಾಂಬರ ಎರಡು ಸಲ ಬಂತು, ಅಲ್ವಾ? ಮತ್ತೆ ಮಾಡಿದರೆ ಮೂರು, ನಾಲ್ಕು... ಮುಗಿಯುವುದೇ ಇಲ್ಲ. ಗಣಿತದಲ್ಲಿ ಹೂವಿಗೆ ಬರವೂ ಇಲ್ಲ, ಹಬ್ಬದ ರೇಟೂ ಇಲ್ಲ.

ಆದರೆ ಈ ಕತ್ತರಿಗೆ ನೆನಪು ಕಮ್ಮಿ. ‘ಮೊದಲು ಮಲ್ಲಿಗೆ, ಆಮೇಲೆ ಅಷ್ಟೇ ಸಂಖ್ಯೆಯ ಕನಕಾಂಬರ’ ಎಂಬ ಮಾಲೆಗಳನ್ನು, ಉದ್ದ ಎಷ್ಟೇ ಇರಲಿ, ಅವನ್ನು ಮಾತ್ರ ಕಟ್ಟು ಅಂದರೆ ಕೈಚೆಲ್ಲುತ್ತದೆ. ಶುರುವಿನ ಪದಗಳೂ ನಿಯಮಗಳೂ ಎಣಿಕೆಗೆ ಸಿಗುವಷ್ಟೇ ಇದ್ದರೆ ಈ ಮಿತಿ ತಪ್ಪಿದ್ದಲ್ಲ ಎಂದು 1991ರಲ್ಲಿ ಕ್ಯೂಲಿಕ್ ಮತ್ತು ಹಾರ್ಯು ಎಂಬ ಗಣಿತಜ್ಞರು ತೋರಿಸಿದರು. ಯಾವ ನಿಯಮ ಯಾವಾಗ ನಡೆಯಬೇಕು ಎಂಬ ಕಡಿವಾಣ ಜಾಸ್ತಿ ಮಾಡಿದರೆ ಇದೇ ಆಟ ಯಾವ ಕಂಪ್ಯೂಟರಿಗೂ ಸಮ ಆಗುತ್ತದೆ. ನನಗೆ ಇಷ್ಟವಾದ ಭಾಗ ಇದೇ.

1994ರಲ್ಲಿ ಏಡಲ್‌ಮನ್ ಎಂಬ ವಿಜ್ಞಾನಿ ಏಳು ಊರುಗಳ, ಪ್ರತಿ ಊರಿಗೂ ಒಂದೇ ಸಲ ಹೋಗುವ ದಾರಿಯ ಒಗಟನ್ನು ನಿಜವಾದ ಡಿಎನ್‌ಎಯಲ್ಲೇ ಬಿಡಿಸಿದರು. ಅದರ ದಾರಿ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ಮಗಳನ್ನು ಸುಮ್ನೆ ಕೇಳಿ ನೋಡಿ: ಮರುಗ ಒಂದೇ ಕಡೆ ಇದ್ದಿದ್ದರೆ ಹೊಸ ಮಾಲೆ ಎಷ್ಟು ಹುಟ್ಟುತ್ತಿದ್ದವು? ಹೂ ಹಾಳು ಮಾಡಬೇಡಿ, ಕಾಗದದ ಪಟ್ಟಿ ಸಾಕು.