ತೋಟದ ಪಿಕಪ್‌ಗೆ ಎಷ್ಟು ದೊಡ್ಡ ಟೈರ್ ಒಪ್ಪುತ್ತದೆ?

ಪ್ರಶ್ನೆ: ನಮ್ಮ ಕಾಫಿ ತೋಟದ ಪಿಕಪ್‌ಗೆ 215/75 ಆರ್15 ಅಳತೆಯ ಟೈರ್‌ಗಳಿವೆ. ಮಳೆಗಾಲದಲ್ಲಿ ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ. 235/75 ಆರ್15 ಮಡ್ ಟೈರ್ ಹಾಕಿಸಬಹುದೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಮಾನ್ಯರೇ, ಆ ಟೈರಿನ ವ್ಯಾಸ ಸುಮಾರು 30 ಮಿಲಿಮೀಟರ್ ಹೆಚ್ಚಿದ್ದರೂ ಗಾಡಿ ನೆಲದಿಂದ ಮೇಲೇಳುವುದು ಅದರ ಅರ್ಧದಷ್ಟು, ಅಂದರೆ 15 ಮಿಲಿಮೀಟರ್ ಮಾತ್ರ, ಹಾಗಾಗಿ ನಿಮ್ಮ ಕೆಸರಿಗೆ ಗಾತ್ರಕ್ಕಿಂತ ಟೈರಿನ ಬಟನ್‌ಗಳೇ, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಉಬ್ಬುಗಳೇ ಮುಖ್ಯ. ಮಡ್ ಟೈರಿನ ಬಟನ್‌ಗಳ ನಡುವೆ ಅಗಲವಾದ ಸಂದುಗಳಿರುವುದರಿಂದ, ಚಕ್ರ ತಿರುಗಿದಂತೆಲ್ಲ ಅಂಟಿದ ಜೇಡಿಮಣ್ಣು ಹೊರಕ್ಕೆ ಸಿಡಿದು ಹಿಡಿತ ಉಳಿಯುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಅದೇ ಟೈರು ನೆಲಕ್ಕೆ ಕಡಿಮೆ ತಾಗುವುದರಿಂದ ಬ್ರೇಕ್ ಹಾಕಿದ ಮೇಲೂ ಗಾಡಿ ಹೆಚ್ಚು ದೂರ ಸಾಗುತ್ತದೆ. ಮೂಟೆ ಹೇರಿಕೊಂಡು ಶಿರಾಡಿ ಘಾಟಿ ಇಳಿಯುವ ಅಭ್ಯಾಸವಿದ್ದರೆ, ಹಳೆಯ ಅಳತೆಯಲ್ಲೇ, ಕೆಸರು ಮತ್ತು ರಸ್ತೆ ಎರಡಕ್ಕೂ ಹೊಂದುವ ಆಲ್ ಟೆರೇನ್ ಟೈರ್ ಕೊಳ್ಳಿ ಎಂಬುದೇ ನನ್ನ ಖಚಿತ ಸಲಹೆ.

ದೊಡ್ಡದೇ ಬೇಕೆಂದಾದರೆ, ಈಗ ಸರಿಯಾಗಿರುವ ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 62 ದಾಟಿರುತ್ತದೆ ಎಂಬುದು ನೆನಪಿರಲಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರದ ಸೂಚ್ಯಂಕ (ಟೈರು ಎಷ್ಟು ಭಾರ ಹೊರಬಲ್ಲದು ಎಂದು ಸೂಚಿಸುವ ಸಂಖ್ಯೆ) ಹಳೆಯದಕ್ಕಿಂತ ಕಡಿಮೆ ಇರಲೇಬಾರದು. ಅಂಗಡಿಯಲ್ಲಿ ಮೊದಲು ಮುಂದಿನ ಎರಡನ್ನು ಮಾತ್ರ ಜೋಡಿಸಿ, ಭಾರ ಹೇರಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಮಡ್‌ಗಾರ್ಡ್‌ನ ಒಳಭಾಗದಲ್ಲಿ ಉಜ್ಜಿದ ಕಪ್ಪು ಗೆರೆ ಕಂಡರೆ ಆ ಅಳತೆಯನ್ನು ಕೈಬಿಡಿ.