‘ಹಿಗ್ಗು’ ಪದಕ್ಕೆ ಬದಲಿ ಪದಗಳು ಯಾವುವು? ‘ತಂಗಿ ಪಾಸಾಗಿ ನಮ್ಮನ್ನೆಲ್ಲ ಹಿಗ್ಗಿಸಿದಳು’ ಅಂತ ಬರೆಯಬಹುದೇ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ, ಹಾಗೆ ಬರೆಯಬೇಡಿ. ‘ಹಿಗ್ಗಿಸು’ ಅಂದ ಕೂಡಲೇ ಕಿವಿಗೆ ಬೀಳುವ ಅರ್ಥ ಎಳೆದು ದೊಡ್ಡದು ಮಾಡುವುದು. ರಬ್ಬರ್ ಬ್ಯಾಂಡ್ ಹಿಗ್ಗಿಸಬಹುದು, ಬಿಗಿಯಾದ ಸ್ವೆಟರ್ ಹಿಗ್ಗಿಸಬಹುದು. ಮನೆಯವರನ್ನೆಲ್ಲ ಹಿಗ್ಗಿಸಿದರೆ ಪಾಪ, ಅವರ ಗತಿ ಏನು! ‘ತಂಗಿ ಪಾಸಾದ ಸುದ್ದಿ ಕೇಳಿ ನಾವೆಲ್ಲ ಹಿಗ್ಗಿದೆವು’ ಅನ್ನಿ. ಖುಷಿಪಟ್ಟವರೇ ಹಿಗ್ಗಬೇಕು, ಬೇರೆಯವರು ಹಿಗ್ಗಿಸುವ ಹಾಗಿಲ್ಲ. ತಂಗಿಯನ್ನೇ ಮುಂದೆ ಇಡಬೇಕು ಅಂತಿದ್ದರೆ ‘ಖುಷಿಪಡಿಸಿದಳು’ ಇದೆಯಲ್ಲ.

ಚಿಕ್ಕವನಿದ್ದಾಗ ವಿಜ್ಞಾನದ ಪಾಠದಲ್ಲಿ ‘ಕಾದಾಗ ಲೋಹ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ’ ಅಂತ ಓದಿ, ಬಿಸಿಲಲ್ಲಿ ಬಿದ್ದಿರುವ ರೈಲು ಕಂಬಿಗೆ ಅದೆಂಥ ಖುಷಿ ಅಂತ ನಕ್ಕಿದ್ದೆ. ಆಮೇಲೆ ಗೊತ್ತಾಯಿತು, ಎರಡೂ ಒಂದೇ ಪದ. ಮನುಷ್ಯನಿಗೂ ಖುಷಿಯಾದಾಗ ಎದೆ ಅಗಲವಾಗುತ್ತದೆ, ಬೇಜಾರಾದಾಗ ಭುಜ ಕುಗ್ಗುತ್ತದೆ, ಅಲ್ವಾ? ‘ಹೊಗಳಿಕೆಗೆ ಹಿಗ್ಗದೆ, ತೆಗಳಿಕೆಗೆ ಕುಗ್ಗದೆ’ ಅನ್ನುವಾಗ ನಾವು ಹೇಳುವುದೂ ಅದನ್ನೇ.

ಈ ದೃಷ್ಟಿಯಿಂದ ನೋಡಿದರೆ ಬದಲಿ ಪದಗಳು ತಾವಾಗಿಯೇ ಸಾಲಾಗಿ ಬರುತ್ತವೆ. ಹಾಲಿನಂತೆ ಖುಷಿ ಉಕ್ಕುತ್ತದೆ. ಮುಖ ಅರಳುತ್ತದೆ. ಮನಸ್ಸು ತುಂಬಿ ಬರುತ್ತದೆ. ಹೊಗಳಿದರೆ ಉಬ್ಬಿ ಹೋಗುತ್ತೇವೆ. ಎಲ್ಲವೂ ದೊಡ್ಡದಾಗುವ ಮಾತುಗಳೇ. ದುಃಖಕ್ಕೆ ಬಂದರೆ ಮುದುಡು, ಬಾಡು, ಕುಗ್ಗು. ಇದು ಬರೀ ಅಚ್ಚಗನ್ನಡದ ಗುಣ ಅಂದುಕೊಂಡಿದ್ದೆ. ಆದರೆ ಪುಸ್ತಕಗಳಲ್ಲಿ ಸಿಗುವ ‘ಆನಂದತುಂದಿಲನಾದ’ ಅನ್ನುವ ಗಂಭೀರ ಮಾತನ್ನು ಬಿಡಿಸಿ ನೋಡಿ. ಸಂಸ್ಕೃತದಲ್ಲಿ ತುಂದಿಲ ಅಂದರೆ ಡೊಳ್ಳುಹೊಟ್ಟೆಯವನು! ಆನಂದದಿಂದ ಹೊಟ್ಟೆ ಬಂದವನು ಅಂತಾಯಿತು. ಇದು ಗೊತ್ತಾದ ಮೇಲೆ ಆ ಪದವನ್ನು ಗಂಭೀರವಾಗಿ ಓದಲು ನನಗೆ ಸಾಧ್ಯವೇ ಆಗಿಲ್ಲ.

‘ಹರ್ಷ’ದ ದಾರಿ ಸ್ವಲ್ಪ ಬೇರೆ. ಅದರ ಮೂಲದಲ್ಲಿ ಮೈಯ ಕೂದಲು ನಿಮಿರುವ ಅರ್ಥವಿದೆ. ಪುಳಕ, ರೋಮಾಂಚನ ಕೂಡ ಅದೇ ಜಾತಿಯವು. ಆದರೆ ಇವತ್ತು ‘ಹರ್ಷ’ ಅಂದರೆ ನೆನಪಾಗುವುದು ‘ತಿಳಿಸಲು ಹರ್ಷಿಸುತ್ತೇವೆ’ ಅನ್ನುವ ಸುತ್ತೋಲೆ, ಕೂದಲು ಯಾರಿಗೂ ನಿಮಿರುವುದಿಲ್ಲ. ‘ಹರುಷ’ ಅಂತ ಬರೆದರೆ ಸ್ವಲ್ಪ ಜೀವ ಬರುತ್ತದೆ.

‘ಸಂಭ್ರಮ’, ‘ಸಡಗರ’ ಎರಡಕ್ಕೂ ಸಾಮಾನ್ಯವಾಗಿ ಜನ ಬೇಕು, ಓಡಾಟ ಬೇಕು. ಸಂಸ್ಕೃತದ ಸಂಭ್ರಮದಲ್ಲಿ ಗಡಿಬಿಡಿ, ಗಾಬರಿಯೂ ಸೇರಿತ್ತು. ಮದುವೆ ಮನೆ ನೋಡಿದವರಿಗೆ ಆ ಅರ್ಥ ಹೋಗೇ ಇಲ್ಲ ಅನ್ನಿಸಬಹುದು. ಒಬ್ಬರೇ ಕೂತು ಪತ್ರ ಓದಿ ಒಳಗೊಳಗೇ ಪಟ್ಟ ಖುಷಿಗೆ ಸಂಭ್ರಮ ಜಾಸ್ತಿಯಾಯಿತು, ಅಲ್ಲಿಗೆ ಹಿಗ್ಗೇ ಸರಿ. ‘ನಲಿವು’ ಹೆಚ್ಚಾಗಿ ನೋವಿನ ಜೊತೆಗೇ ಬರುತ್ತದೆ, ನೋವು ನಲಿವು ಅಂತ. ಇನ್ನು ಪಾರಸಿಯಿಂದ ಬಂದ ‘ಖುಷಿ’ ಎಲ್ಲ ಕಡೆಗೂ ಹೊಂದುತ್ತದೆ. ಅದಕ್ಕೇ ಅದರಲ್ಲಿ ವಿಶೇಷ ಏನೂ ಉಳಿದಿಲ್ಲ.

ಹಿಗ್ಗು ಮಿತಿಮೀರಿದ್ದನ್ನು ಹೇಳಲು ‘ಹಿರಿಹಿರಿ ಹಿಗ್ಗಿದ’ ಅನ್ನಬಹುದು. ‘ಹಿಗ್ಗಿ ಹೀರೇಕಾಯಿ ಆದ’ ಅಂತಲೂ ಇದೆ, ಆದರೆ ಅದರಲ್ಲಿ ಸಣ್ಣ ಗೇಲಿ ಇರುತ್ತದೆ. ಗೆಳೆಯರಿಗೆ ಅನ್ನಿ, ಹಿರಿಯರ ಮುಂದೆ ಬೇಡ. ‘ಬೀಗು’ ಬಳಸುವಾಗಲೂ ಹುಷಾರು, ಅದರಲ್ಲಿ ಹೆಮ್ಮೆ, ಜಂಬ ಸೇರಿಕೊಂಡಿರುತ್ತದೆ.

ಹಾಂ, ಸುಮ್ನೆ ಒಂದು ಮಾತು: ‘ಹಿಗ್ಗಾಮುಗ್ಗಾ’ ಅಂದರೆ ತುಂಬಾ ಹಿಗ್ಗು ಅಂದುಕೊಳ್ಳಬೇಡಿ. ಅದು ಬೈಯುವುದಕ್ಕೆ, ಬಾರಿಸುವುದಕ್ಕೆ ಸೇರಿದ ಪದ.