ಸಿಬಿಯುಗೆ ಧಾರಾಳವಾಗಿ ಹೋಗಿ, ಆದರೆ ಛಾವಣಿ ನೋಡಿ ಮನೆ ಹಿಡಿಯಬೇಡಿ

ರೊಮೇನಿಯಾದಲ್ಲಿ ಎರಡು ವರ್ಷದ ಕೆಲಸ, ಬುಕಾರೆಸ್ಟ್ ಆಫೀಸಾ ಸಿಬಿಯು ಆಫೀಸಾ, ಸಣ್ಣ ಊರಲ್ಲಿ ಬೋರ್ ಆಗಲ್ವಾ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದನ್ನೇ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. ಕೇಳದೇ ಬಿಟ್ಟಿದ್ದು ಒಂದೇ ಪ್ರಶ್ನೆ: ಅಲ್ಲಿನ ಹಳೇ ಮನೆಗಳು ಚಳಿಗಾಲದಲ್ಲಿ ಬೆಚ್ಚಗಾಗುವುದು ಹೇಗೆ? ಅದಕ್ಕೆ 700 ಯೂರೋ ತೆತ್ತೆ, ಮೇಲೆ ಒಂದು ತಿಂಗಳ ಕೆಮ್ಮು.

ಕಾರಿನ ಎಲೆಕ್ಟ್ರಾನಿಕ್ಸ್ ಮಾಡುವ ಕಂಪನಿಯ ಕೆಲಸಕ್ಕೆ ಹೋಗಿದ್ದೆ, ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಸಿಬಿಯು ನೋಡಿದವನ ಬುದ್ಧಿ ನೆಟ್ಟಗಿರುವುದಿಲ್ಲ. ಪಿಯಾತ್ಸಾ ಮಾರೆ ಎಂಬ ದೊಡ್ಡ ಚೌಕ, ಸುತ್ತ ಹಳದಿ, ಪಿಸ್ತಾ, ಇಟ್ಟಿಗೆ ಬಣ್ಣದ ಮನೆಗಳು. ಪ್ರತಿ ಮನೆಯ ಕಡಿದಾದ ಹೆಂಚಿನ ಛಾವಣಿಯಲ್ಲೂ ಎರಡು ಮೂರು ಅಡ್ಡ ಕಿಂಡಿ. ಥೇಟ್ ಅರೆನಿದ್ದೆಯಲ್ಲಿರುವ ಕಣ್ಣುಗಳು. ಅಟ್ಟಕ್ಕೆ ಗಾಳಿ ಹೋಗಲಿ ಅಂತ ಬಿಟ್ಟ ಕಿಂಡಿಗಳಂತೆ. ಆದರೆ ನೀವು ರಸ್ತೆ ದಾಟುವಾಗ ಇಡೀ ಊರು ನಿಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ. 12ನೇ ಶತಮಾನದಲ್ಲಿ ಜರ್ಮನ್ ಮಾತಾಡುವ ಸಾಕ್ಸನ್ನರು ಬಂದು ಕಟ್ಟಿದ ಊರಿದು, ಅವರ ಬಾಯಲ್ಲಿ ಹರ್ಮನ್‌ಸ್ಟಾಟ್. ಕೋಟೆಗೋಡೆಯ ಬುರುಜುಗಳಿಗೆ ಇವತ್ತಿಗೂ ಬಡಗಿಗಳ ಬುರುಜು, ಕುಂಬಾರರ ಬುರುಜು ಅಂತಲೇ ಹೆಸರು. ಒಂದೊಂದು ಕಸುಬಿನ ಸಂಘ ಒಂದೊಂದನ್ನು ಕಾಯುತ್ತಿತ್ತು.

ಅಲ್ಲಿಗೆ ನಾನು ಕೆಟ್ಟೆ. ಇದ್ದರೆ ಇಂಥ ಕಣ್ಣಿನ ಮನೆಯಲ್ಲೇ ಇರಬೇಕು ಅಂತ ತೀರ್ಮಾನಿಸಿದೆ. ಚೌಕವಿರುವ ಮೇಲಿನ ಊರು ದುಬಾರಿ, ಆದ್ದರಿಂದ ಮೆಟ್ಟಿಲು ಇಳಿದು ಸಿಬಿನ್ ನದಿಯ ಕಡೆಗಿರುವ ಕೆಳಗಿನ ಊರಿನಲ್ಲಿ ಒಂದು ಮನೆ ಹಿಡಿದೆ. ತಿಂಗಳಿಗೆ 350 ಯೂರೋ, ಎರಡು ತಿಂಗಳ ಅಡ್ವಾನ್ಸ್, ಒಂದು ವರ್ಷದ ಕರಾರು. ಮಾಲೀಕರಿಗೆ ಎಪ್ಪತ್ತರ ಆಸುಪಾಸು, ಬಹಳ ನಗುಮುಖ. ಆ ದಿನ ಹೊರಗೆ ಬಿಸಿಲಿತ್ತು, ಒಳಗೆ ತಂಪಾಗಿತ್ತು. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಕಟ್ಟೆ ಮೇಲೆ ಕಾಲು ಮಡಚಿ ಕೂರಬಹುದಿತ್ತು. ನಮ್ಮ ಅಜ್ಜಿ ಮನೆ ಥರಾನೇ ಇದೆ ಅಂತ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿ ಖುಷಿಪಟ್ಟೆ. ಮಲೆನಾಡಿನ ಅಜ್ಜಿ ಮನೆಯಲ್ಲಿ ಮೈನಸ್ ಹನ್ನೆರಡು ಡಿಗ್ರಿ ಬರುವುದಿಲ್ಲ ಅನ್ನೋದು ಆಗ ತಲೆಗೆ ಹೊಳೆಯಲಿಲ್ಲ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಲಿಲ್ಲ. ರೊಮೇನಿಯಾದಲ್ಲಿ ಬಾಡಿಗೆ ಮನೆಗೆ ಮುಖ್ಯವಾಗಿ ಮೂರು ಥರ ಬಿಸಿ. ಒಂದು, ಇಡೀ ಬಡಾವಣೆಗೆ ಒಂದೇ ಕಡೆಯಿಂದ ಬಿಸಿನೀರು ಹರಿಸುವ ವ್ಯವಸ್ಥೆ. ಇನ್ನೊಂದು, ನಿಮ್ಮ ಮನೆಗೇ ಒಂದು ಗ್ಯಾಸ್ ಬಾಯ್ಲರ್, ಅದರಿಂದ ಎಲ್ಲ ಕೋಣೆಯ ರೇಡಿಯೇಟರ್‌ಗೂ ಬಿಸಿನೀರು. ಜಾಹೀರಾತಿನಲ್ಲಿ ಇದನ್ನು 'ಚೆಂತ್ರಾಲ ಪ್ರೋಪ್ರಿಯೆ' ಅಂತ ದೊಡ್ಡದಾಗಿ ಹಾಕಿರುತ್ತಾರೆ. ನಮ್ಮಲ್ಲಿ 'ಬೋರ್‌ವೆಲ್ ಇದೆ' ಅಂತ ಹಾಕುತ್ತಾರಲ್ಲ, ಹಾಗೆ. ನನ್ನ ಮನೆಯ ಜಾಹೀರಾತಿನಲ್ಲಿ ಆ ಎರಡು ಪದ ಇರಲಿಲ್ಲ. ಇಲ್ಲದೇ ಇರುವುದನ್ನು ಗಮನಿಸುವಷ್ಟು ರೊಮೇನಿಯನ್ ನನಗೆ ಬರುತ್ತಿರಲಿಲ್ಲ.

ನನಗೆ ಸಿಕ್ಕಿದ್ದು ಮೂರನೆಯದು, 'ಸೋಬ'. ಆಳೆತ್ತರದ ಒಲೆ, ಮೈತುಂಬ ಕಂದು ಬಣ್ಣದ ಹೊಳೆಯುವ ಬಿಲ್ಲೆ. ಒಂದು ಕಾಲದಲ್ಲಿ ಸೌದೆ ಉರಿಯುತ್ತಿದ್ದ ಜಾಗದಲ್ಲಿ ಈಗ ಗ್ಯಾಸ್ ಬರ್ನರ್. ಸಿಬಿಯು ಇರುವ ಟ್ರಾನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ 1909ರಲ್ಲೇ ನೆಲದೊಳಗೆ ಗ್ಯಾಸ್ ಸಿಕ್ಕಿತ್ತು, ಹಾಗಾಗಿ ಅಲ್ಲಿನವರಿಗೆ ಗ್ಯಾಸ್ ಒಲೆ ಹೊಸದೇನಲ್ಲ. ನೋಡಲು ಅರಮನೆಯ ಸಾಮಾನಿನ ಹಾಗಿತ್ತು. ಹಚ್ಚಿದರೆ ಬಿಲ್ಲೆ ಕಾಯಲು ಎರಡು ಗಂಟೆ. ರಾತ್ರಿ ಹಚ್ಚಿಟ್ಟು ಮಲಗಬೇಡ, ಅಪಾಯ ಅಂತ ಮಾಲೀಕರು ಬೆರಳೆತ್ತಿ ಎಚ್ಚರಿಸಿದ್ದರು. ಆಫೀಸಿಗೆ ಹೋಗುವಾಗಲೂ ಆರಿಸಬೇಕು. ಅಂದರೆ ನಾನು ಎದ್ದಿರುವಾಗ ಅದು ಕಾಯುತ್ತಿತ್ತು, ಅದು ಕಾದ ಹೊತ್ತಿಗೆ ನನಗೆ ಮಲಗುವ ಸಮಯ. ಅದೂ ಇದ್ದದ್ದು ಒಂದೇ ಕೋಣೆಯಲ್ಲಿ. ಬಚ್ಚಲಿಗೆ ಏನೂ ಇಲ್ಲ. ಅಷ್ಟು ದಪ್ಪ ಗೋಡೆ ಒಮ್ಮೆ ತಣ್ಣಗಾಯಿತೋ, ಮಾರ್ಚ್‌ವರೆಗೆ ಬಿಸಿಯಾಗುವ ಮಾತೇ ಇಲ್ಲ. ಕೆಳಗೆ ಕಮಾನಿನ ನೆಲಮಾಳಿಗೆ, ಅಲ್ಲಿಂದ ತೇವ ಮೇಲೇರುತ್ತಿತ್ತು. ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಕೋಣೆಯೊಳಗೇ 9 ಡಿಗ್ರಿ. ಕೊಬ್ಬರಿ ಎಣ್ಣೆಯನ್ನು ಚಮಚದ ಹಿಡಿಯಿಂದ ಕೆರೆದು ತೆಗೆಯುತ್ತಿದ್ದೆ. ಬೀರು ಸರಿಸಿ ನೋಡಿದರೆ ಗೋಡೆ ತುಂಬ ಕಪ್ಪು ಬೂಷ್ಟು, ಊರಿಂದ ತಂದಿದ್ದ ಒಂದೇ ಒಂದು ಸೂಟಿನ ಬೆನ್ನಿಗೂ ಹತ್ತಿತ್ತು. ಎಲೆಕ್ಟ್ರಿಕ್ ಹೀಟರ್ ತಂದೆ. ಅದನ್ನೂ ಕೆಟಲ್ಲನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರುತ್ತಿತ್ತು, ಟೀ ಬೇಕಾ ಬಿಸಿ ಬೇಕಾ ಅಂತ ದಿನಾ ಆರಿಸಬೇಕಿತ್ತು.

ಜನವರಿಯಲ್ಲಿ ಕರಾರು ಮುರಿದೆ. ಅವಧಿಗೆ ಮುಂಚೆ ಬಿಟ್ಟರೆ ಅಡ್ವಾನ್ಸ್ ವಾಪಸ್ಸಿಲ್ಲ ಅಂತ ಬರೆದಿತ್ತು, ನಾನು ಸಹಿ ಹಾಕಿದ್ದೆ. ಜಗಳಕ್ಕೆ ಜಾಗವೇ ಇರಲಿಲ್ಲ. ಮಾಲೀಕರು ಅದೇ ನಗುಮುಖದಲ್ಲಿ ಕೀಲಿ ಇಸಿದುಕೊಂಡರು.

ಆಮೇಲೆ ಹೋದದ್ದು ಹಿಪೋದ್ರೋಮ್ ಎಂಬ ಬಡಾವಣೆಗೆ. ಕಮ್ಯುನಿಸ್ಟ್ ಕಾಲದ ಕಾಂಕ್ರೀಟ್ ಡಬ್ಬಗಳು, ಫೋಟೋ ತೆಗೆಯಲು ಏನೇನೂ ಇಲ್ಲ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಆದರೆ ಚೆಂತ್ರಾಲ ಪ್ರೋಪ್ರಿಯೆ ಇತ್ತು. ಬನಿಯನ್ನಿನಲ್ಲಿ ಕೂತು ಹೊರಗೆ ಹಿಮ ಬೀಳೋದನ್ನು ನೋಡಿದೆ. ಎದುರು ಮನೆಯ ಅಜ್ಜಿ ಮೊದಲ ವಾರವೇ ಒಂದು ಬಾಟಲಿ ಜಕುಸ್ಕ ಕೊಟ್ಟರು. ಸುಟ್ಟ ಬದನೆ, ಕೆಂಪು ದಪ್ಪ ಮೆಣಸು ಹಾಕಿ ಗಂಟೆಗಟ್ಟಲೆ ಕುದಿಸಿದ ಗೊಜ್ಜು. ಚಪಾತಿಗೆ ಅದಕ್ಕಿಂತ ಒಳ್ಳೇದು ಬೇಡ.

ಈಗ ನಿಮ್ಮ ಬೋರ್ ವಿಷಯ. ಸುಮ್ನೆ ಹೇಳ್ತಿಲ್ಲ, ನಿಮ್ಮ ಪ್ರಶ್ನೆಯೇ ತಪ್ಪು. 2021ರ ಜನಗಣತಿಯಲ್ಲಿ ಸಿಬಿಯು ಜನಸಂಖ್ಯೆ 1.34 ಲಕ್ಷ. ನಮ್ಮ ಲೆಕ್ಕದಲ್ಲಿ ಜಿಲ್ಲಾ ಕೇಂದ್ರ, ಅಷ್ಟೇ. ಆದರೆ 1817ರಿಂದ ಸಾರ್ವಜನಿಕರಿಗೆ ತೆರೆದಿರುವ ಬ್ರುಕೆಂತಾಲ್ ಮ್ಯೂಸಿಯಂ ಇದೆ. 1993ರಲ್ಲಿ ಶುರುವಾದ ಅಂತಾರಾಷ್ಟ್ರೀಯ ನಾಟಕೋತ್ಸವಕ್ಕೆ ಪ್ರತಿ ಬೇಸಿಗೆಯಲ್ಲೂ ಬೀದಿಗಳೇ ರಂಗಮಂಟಪ. 2007ರಲ್ಲಿ ಲಕ್ಸೆಂಬರ್ಗ್ ಜೊತೆ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು. ಸಾಕ್ಸನ್ನರಲ್ಲಿ ಹೆಚ್ಚಿನವರು 1990ರ ಹೊತ್ತಿಗೆ ಜರ್ಮನಿಗೆ ಹೊರಟುಹೋದರು. ಆದರೂ ಉಳಿದ ಹಿಡಿಯಷ್ಟು ಜನರಲ್ಲೊಬ್ಬ ಫಿಸಿಕ್ಸ್ ಮೇಷ್ಟ್ರನ್ನು, ಕ್ಲಾವುಸ್ ಯೊಹಾನಿಸ್ ಅವರನ್ನು, ಊರಿನವರು 2000ದಲ್ಲಿ ಮೇಯರ್ ಮಾಡಿದರು, 2014ರಲ್ಲಿ ದೇಶ ಅಧ್ಯಕ್ಷರನ್ನಾಗಿ ಮಾಡಿತು. ನನ್ನ ಆಫೀಸಿನಲ್ಲಿ ಅವರ ಬಗ್ಗೆ ಎರಡು ಪಕ್ಷ ಇತ್ತು, ಕಾಫಿ ಹೊತ್ತು ಪೂರ್ತಿ ಅದರಲ್ಲೇ ಹೋಗುತ್ತಿತ್ತು.

ಬುಕಾರೆಸ್ಟ್‌ಗೆ ವಾರಾಂತ್ಯದಲ್ಲಿ ಹೋಗಿಬರುತ್ತೇನೆ ಅಂದಿದ್ದೀರಲ್ಲ, ಆ ಆಸೆ ಬಿಡಿ. ರೈಲು ಐದಾರು ಗಂಟೆ ತೆವಳುತ್ತದೆ. ಕಾರಾದರೆ ಓಲ್ತ್ ನದಿಯ ಕಣಿವೆಯಲ್ಲಿ ಲಾರಿಗಳ ಹಿಂದೆ ನಮ್ಮ ಶಿರಾಡಿ ಘಾಟಿಯ ಅನುಭವ. ಅದರ ಬದಲು ಬಾಲ್ಯಾ ಸರೋವರಕ್ಕೆ ಹೋಗಿ, 2,034 ಮೀಟರ್ ಎತ್ತರ. ಕಮ್ಯುನಿಸ್ಟ್ ಕಾಲದ ಸರ್ವಾಧಿಕಾರಿ ಚೌಷೆಸ್ಕು ಸೈನ್ಯ ಇಟ್ಟು ಕೊರೆಸಿದ ತ್ರಾನ್ಸ್‌ಫಗರಶಾನ್ ರಸ್ತೆ ಅಲ್ಲಿಗೇ ಏರುತ್ತದೆ. ಚಳಿಗಾಲದಲ್ಲಿ ರಸ್ತೆ ಬಂದ್, ಆಗ ಕೇಬಲ್ ಕಾರ್. ನನ್ನ ಕಾಲದಲ್ಲಿ ರೊಮೇನಿಯಾದ ವೀಸಾ ಹಿಡಿದು ಪಕ್ಕದ ಹಂಗೇರಿಗೂ ಹೋಗುವ ಹಾಗಿರಲಿಲ್ಲ. 2025ರ ಜನವರಿಯಿಂದ ದೇಶ ಪೂರ್ತಿಯಾಗಿ ಶೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಸೇರಿದೆ, ನೀವು ಪುಣ್ಯವಂತರು.

ನೀವು ಸಸ್ಯಾಹಾರಿ ಅಂತ ಬರೆದಿದ್ದೀರಿ. ಹೋಟೆಲಿನಲ್ಲಿ 'ವೆಜಿಟೇರಿಯನ್' ಅಂದರೆ ಕೋಳಿ ಸಾರಿನಲ್ಲಿ ಬೇಯಿಸಿದ ತರಕಾರಿ ಬಂದೀತು, ನನಗೆ ಬಂದಿದೆ. 'ದೆ ಪೋಸ್ತ್' ಅನ್ನಿ. ಅಂದರೆ ಆರ್ಥೊಡಾಕ್ಸ್ ಕ್ರೈಸ್ತರ ವ್ರತದ ಊಟ, ಮಾಂಸ, ಮೊಟ್ಟೆ, ಹಾಲು ಏನೂ ಇರಲ್ಲ. ಮೀನು ಮಾತ್ರ ಕೆಲವು ದಿನ ನಡೆಯುತ್ತದೆ, ಒಮ್ಮೆ ಕೇಳಿಕೊಳ್ಳಿ. ಮೆಕ್ಕೆಜೋಳದ ಹಿಟ್ಟಿನ ಮಮಲಿಗ ಥೇಟ್ ನಮ್ಮ ಮುದ್ದೆಯ ತಂಗಿ, ಸಾರಿದ್ದರೆ ನುಂಗಿಬಿಡಬಹುದು. ತರಕಾರಿಗೆ ಪಿಯಾತ್ಸಾ ಸಿಬಿನ್ ಸಂತೆ. ಸುತ್ತಲಿನ ಕುರಿಗಾಹಿ ಹಳ್ಳಿಗಳವರು ತರುವ ಉಪ್ಪುನೀರಿನ ತೆಲೆಮ್ಯಾ ಚೀಸನ್ನು ರುಚಿ ನೋಡಲು ಕೊಡುತ್ತಾರೆ, ಸಂಕೋಚ ಬೇಡ.

ಬುಕಾರೆಸ್ಟ್‌ನಲ್ಲಿ ಸಂಬಳ ಜಾಸ್ತಿ ಅಲ್ವಾ ಅಂತ ಕೇಳುತ್ತೀರಿ. ಇರಬಹುದು, ಆ ಲೆಕ್ಕ ನೀವೇ ಮಾಡಿಕೊಳ್ಳಿ. ಮನೆ ಮಾತ್ರ ಇಲ್ಲಿಂದ ಫೋಟೋ ನೋಡಿ ಹಿಡಿಯಬೇಡಿ. ಮೊದಲ ಎರಡು ವಾರ ಎಲ್ಲಾದರೂ ಇದ್ದು, ಬಚ್ಚಲಲ್ಲಿ ರೇಡಿಯೇಟರ್ ಇದೆಯಾ ಅಂತ ಕಣ್ಣಾರೆ ನೋಡಿ, ಬೀರು ಸರಿಸಿ ಗೋಡೆಗೆ ಕೈಯಿಟ್ಟು ಆಮೇಲೆ ಸಹಿ ಹಾಕಿ. ಮಾಲೀಕರು ಏನಾದರೂ ಅಂದುಕೊಳ್ಳಲಿ.

ನಾನು ಆ ಮನೆ ಬಿಟ್ಟ ವರ್ಷವೇ ಸೆಪ್ಟೆಂಬರ್‌ನಲ್ಲಿ ಸಂತೆಗೆ ಹೋಗುತ್ತಾ ಅದೇ ಬೀದಿಯಲ್ಲಿ ಹಾದುಹೋದೆ. ಬಿಸಿಲಿತ್ತು. ಛಾವಣಿಯ ಕಣ್ಣುಗಳು ಹಾಗೇ ಇದ್ದವು, ಗೋಡೆಗೆ ಹೊಸ ಹಳದಿ ಬಣ್ಣ. ಕಿಟಕಿಗೆ 'ಬಾಡಿಗೆಗೆ ಇದೆ' ಬೋರ್ಡ್ ನೇತಾಡುತ್ತಿತ್ತು. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಒಬ್ಬ ಹುಡುಗ ಫೋನ್ ಎತ್ತಿ ಅದರ ಫೋಟೋ ತೆಗೆಯುತ್ತಿದ್ದ.